ಗೋಡೆಗೇರಿದ ಕೊಂಬು, ಹೊಲಕ್ಕಿಳಿದ ಚಿಗರಿ

ದೊಡ್ಡ ಕೊಂಬಿನ ಪ್ರಾಣಿಯನ್ನು ದುಡ್ಡು ಕೊಟ್ಟು ಬೇಟೆಯಾಡುವ ಪದ್ಧತಿಯಿಂದ ಕಾಡು ಉಳಿಯುತ್ತದೆ ಎಂಬ ವಾದ ಅಮೆರಿಕದಿಂದ ಪಾಕಿಸ್ತಾನದವರೆಗೆ ಕೇಳಿಬರುತ್ತದೆ. ಪುಣೆ ಸುತ್ತಲಿನ ಹುಲ್ಲುಗಾವಲಿನಲ್ಲಿ ನಿಂತು ಆ ವಾದವನ್ನು ಒರೆಗೆ ಹಚ್ಚಿದರೆ ಏನು ಉಳಿಯುತ್ತದೆ?

ಅಮೆರಿಕದ ರಾಕಿ ಪರ್ವತಗಳಲ್ಲಿ ಹೊಡೆದ ಮ್ಯೂಲ್ ಡಿಯರ್ ಗಂಡಿನ ಕೊಂಬನ್ನು ಅಳೆಯುವುದಕ್ಕೇ ಒಂದು ಶಾಸ್ತ್ರವಿದೆ. ಹೇಸರಗತ್ತೆಯಂಥ ದೊಡ್ಡ ಕಿವಿಗಳಿಂದ ಹೆಸರು ಪಡೆದ ಜಿಂಕೆ ಅದು. ಗಂಡಿನ ಕೊಂಬು ಎರಡಾಗಿ ಕವಲೊಡೆದು, ಆ ಕವಲುಗಳು ಮತ್ತೆ ಕವಲೊಡೆಯುತ್ತವೆ. ಹೊಡೆದ ದಿನವೇ ಅಳೆಯುವಂತಿಲ್ಲ. ಕೊಂಬು 60 ದಿನ ಒಣಗಬೇಕು. ಆಮೇಲೆ ಕಾಲು ಅಂಗುಲ ಅಗಲದ ಉಕ್ಕಿನ ಟೇಪು ಹಿಡಿದು ಮುಖ್ಯ ಕಾಂಡದ ಉದ್ದ, ಒಂದೊಂದು ಕವಲಿನ ಉದ್ದ, ನಾಲ್ಕು ಕಡೆಯ ಸುತ್ತಳತೆ, ಎರಡು ಕೊಂಬುಗಳ ನಡುವಿನ ಅಂತರ ಎಲ್ಲವನ್ನೂ ಅಂಗುಲದ ಎಂಟನೇ ಒಂದು ಭಾಗದವರೆಗೆ ಬರೆದುಕೊಳ್ಳಬೇಕು. ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ ಅಷ್ಟು ಅಂಕ ಕಳೆಯಬೇಕು. ಹೀಗೆ ಕೂಡಿ ಕಳೆದು 190 ದಾಟಿದರೆ, ಥಿಯೋಡರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ಬಿನ ಸಾರ್ವಕಾಲಿಕ ದಾಖಲೆಯಲ್ಲಿ ಆ ಜಿಂಕೆಗೆ ಜಾಗ ಸಿಗುತ್ತದೆ. ಇಷ್ಟು ನಿಖರವಾದ ಲೆಕ್ಕದಲ್ಲಿ ಬಾರದೆ ಹೋಗುವುದೂ ಬಹಳವಿದೆ. ಆ ಪ್ರಾಣಿ ಯಾವ ಹುಲ್ಲು ಮೇಯಿತು, ಯಾರ ಹೊಲಕ್ಕೆ ಬಾಯಿ ಹಾಕಿತು, ಅದು ಹೋದ ಮೇಲೆ ಹಿಂಡಿನಲ್ಲಿ ಎಂಥ ಗಂಡುಗಳು ಉಳಿದವು ಎಂಬುದನ್ನು ಟೇಪು ಹೇಳುವುದಿಲ್ಲ.

ಸೊಕ್ಕಿನ ಮನುಷ್ಯನನ್ನು ಕಂಡಾಗ ಕನ್ನಡದಲ್ಲಿ ‘ನಿನಗೇನು ಎರಡು ಕೊಂಬು ಬಂದಿವೆಯಾ’ ಎಂದು ಕೇಳುತ್ತೇವೆ. ಜಿಂಕೆಯ ತಲೆಯ ಕೊಂಬು ತನ್ನ ಗೋಡೆಗೆ ಬಂದರೆ ತನ್ನ ಎತ್ತರವೂ ಹೆಚ್ಚುತ್ತದೆ ಎಂದು ನಂಬುವ ಬೇಟೆಗೆ ಈ ಮಾತು ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಗೇಲಿ ಮಾಡಿದರೆ ಪ್ರಶ್ನೆ ಮುಗಿಯುವುದಿಲ್ಲ. ಪುಣೆ, ಸೋಲಾಪುರ, ಅಹಿಲ್ಯಾನಗರ ಜಿಲ್ಲೆಗಳ ಒಣ ಬಯಲುಗಳಲ್ಲಿ, ಅಲ್ಲಿಂದ ಕೆಳಗೆ ನಮ್ಮ ವಿಜಯಪುರ, ಹಾವೇರಿಗಳವರೆಗೆ ಚಿಗರಿಯೂ (ಕೃಷ್ಣಮೃಗ) ಚಿಂಕಾರವೂ ಜೋಳ, ಕಡಲೆಯ ಹೊಲಗಳ ಪಕ್ಕದಲ್ಲೇ ಬದುಕುತ್ತಿವೆ. ಇವುಗಳ ಮೇವಿನ ಖರ್ಚು ಯಾರದು? ದುಡ್ಡಿರುವ ಬೇಟೆಗಾರ ಕೊಡುವುದಾದರೆ ಬೇಡವೆನ್ನುವುದೇಕೆ? ನನ್ನ ವಾದ ಇಷ್ಟು: ಬೆಳೆ ಉಳಿಸಲು, ಹಿಂಡು ಹದದಲ್ಲಿಡಲು ಪ್ರಾಣಿಯನ್ನು ಕೊಲ್ಲಬೇಕಾಗಬಹುದು, ಅದು ಚರ್ಚೆಗೆ ಅರ್ಹವಾದ ಮಾತು. ಕೊಂಬಿಗಾಗಿ ಕೊಲ್ಲುವ ‘ಟ್ರೋಫಿ ಬೇಟೆ’ ಬೇರೆಯೇ ಮಾತು, ನಮ್ಮ ನೆಲದಲ್ಲಿ ಅದಕ್ಕೆ ಆಧಾರವಿಲ್ಲ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ಬೇಟೆಯ ಪರವಾದಿಗಳೂ ವಿರೋಧಿಗಳೂ ಅರ್ಧ ಶತಮಾನದಿಂದ ಒಬ್ಬರ ಮಾತು ಒಬ್ಬರಿಗೆ ಕೇಳದಂತೆ ಕೂಗಾಡುತ್ತಿದ್ದಾರೆ.

ಕೊಂಬಿನ ಖರ್ಚು

ಕನ್ನಡದಲ್ಲಿ ಎಲ್ಲವೂ ಕೊಂಬೇ, ಆದರೆ ಕೊಂಬುಗಳಲ್ಲಿ ಎರಡು ಜಾತಿ. ಕಡವೆ, ಸಾರಗ, ಮ್ಯೂಲ್ ಡಿಯರ್‌ಗಳದ್ದು ಗಟ್ಟಿ ಎಲುಬು. ವರ್ಷವರ್ಷ ಕಳಚಿ ಬಿದ್ದು ಮತ್ತೆ ಮೊದಲಿನಿಂದ ಬೆಳೆಯುತ್ತದೆ. ಚಿಗರಿ, ಚಿಂಕಾರಗಳದ್ದು ಎಲುಬಿನ ಮೇಲೆ ಉಗುರಿನಂಥ ಪದಾರ್ಥದ ಕವಚ. ಅದು ಉದುರುವುದಿಲ್ಲ, ಬದುಕಿರುವಷ್ಟು ಕಾಲ ತಲೆಯ ಮೇಲೇ ಇರುತ್ತದೆ. ಎರಡಕ್ಕೂ ಬೇಕಾಗುವುದು ಮೈಯೊಳಗಿನ ಬಂಡವಾಳ. ಪುಣೆಯಲ್ಲಿ 1942ರಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂರು ದಶಕ ದುಡಿದ ಮಾಧವ ಗಾಡ್ಗೀಳರನ್ನು ನಾವು ಪಶ್ಚಿಮಘಟ್ಟದ ವರದಿಯಿಂದ ಬಲ್ಲೆವು. ಆದರೆ 1972ರಲ್ಲಿ ಅವರು ‘ಅಮೆರಿಕನ್ ನ್ಯಾಚುರಲಿಸ್ಟ್’ ಪತ್ರಿಕೆಯಲ್ಲಿ ಬರೆದ ಪ್ರಬಂಧದ ವಿಷಯ ಗಂಡು ಪ್ರಾಣಿಗಳ ಆಯುಧ. ಕೊಂಬಿನಂಥ ಆಯುಧ ಬೆಳೆಸಿ ಕಾದಾಡಿ ಹೆಣ್ಣನ್ನು ಗೆಲ್ಲುವುದು ಒಂದು ದಾರಿ. ಆ ಖರ್ಚನ್ನು ಉಳಿಸಿಕೊಂಡು ಕಾದಾಟದಿಂದ ದೂರವಿದ್ದು ಬದುಕುವುದು ಇನ್ನೊಂದು. ಎರಡೂ ದಾರಿಗಳು ಲಾಭದಲ್ಲಿ ಸರಿತೂಗಿದಾಗ ಒಂದೇ ಜಾತಿಯಲ್ಲಿ ಎರಡು ಬಗೆಯ ಗಂಡುಗಳು ಉಳಿಯಬಲ್ಲವು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಈ ತರ್ಕವನ್ನು ಒಂದು ಹೆಜ್ಜೆ ಮುಂದೆ ಒಯ್ಯಿರಿ. ದೊಡ್ಡ ಕೊಂಬಿನವನಿಗೇ ಗುಂಡು ಬೀಳುವುದು ನಿಶ್ಚಯವಾದರೆ, ಕೊಂಬು ಬೆಳೆಸುವ ದಾರಿಯೇ ನಷ್ಟದ ವ್ಯಾಪಾರವಾಗುತ್ತದೆ.

ಹೀಗೆಯೇ ಆಗಿದೆ ಎಂಬುದಕ್ಕೆ ಕೆನಡಾದ ಆಲ್ಬರ್ಟಾ ಪ್ರಾಂತದ ರಾಮ್ ಮೌಂಟನ್ ಸಾಕ್ಷಿ. ಅಲ್ಲಿನ ಬಿಗ್‌ಹಾರ್ನ್ ಕಾಡುಕುರಿಗಳನ್ನು ಮೂವತ್ತು ವರ್ಷ ಬೆನ್ನು ಹತ್ತಿ ಅಳೆದ ವಿಜ್ಞಾನಿಗಳು, ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆದದ್ದರಿಂದ ಪೀಳಿಗೆ ಪೀಳಿಗೆಗೂ ಕೊಂಬು ಕಿರಿದಾಗುತ್ತ, ಮೈತೂಕವೂ ಇಳಿಯುತ್ತ ಬಂದುದನ್ನು 2003ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದರು. ‘ಕುರಿಯ ಮಾತನ್ನು ಜಿಂಕೆಗೆ ಹಚ್ಚಬೇಡಿ, ಜಿಂಕೆಯ ಕೊಂಬು ವಯಸ್ಸು ಮತ್ತು ಮೇವನ್ನು ನಂಬಿರುವಷ್ಟು ರಕ್ತವನ್ನು ನಂಬಿಲ್ಲ’ ಎಂಬ ಆಕ್ಷೇಪ ಇದೆ. ಅದರಲ್ಲಿ ಹುರುಳಿದೆ. ಸಾವಿರಾರು ಜಿಂಕೆಗಳು ಬೆಟ್ಟದಿಂದ ಬೆಟ್ಟಕ್ಕೆ ಓಡಾಡುವ ಕಡೆ ಒಂದೆರಡು ಮುದಿ ಗಂಡುಗಳನ್ನು ಹೊಡೆದರೆ ವಂಶ ಕೆಡಲಿಕ್ಕಿಲ್ಲ. ಆದರೆ ಇದೇ ಆಕ್ಷೇಪ ನಮ್ಮ ಕಡೆಗೆ ಬಂದಾಗ ತಿರುಗುಬಾಣವಾಗುತ್ತದೆ. ಪುಣೆ ಜಿಲ್ಲೆಯ ಬಾರಾಮತಿ ತಾಲ್ಲೂಕಿನ ಸುಪೆಯಲ್ಲಿರುವ ಮಯೂರೇಶ್ವರ ಚಿಂಕಾರ ಅಭಯಾರಣ್ಯದ ವಿಸ್ತೀರ್ಣ 5 ಚದರ ಕಿ.ಮೀ. ಚಿಲ್ಲರೆ. ಅಹಿಲ್ಯಾನಗರ ಜಿಲ್ಲೆಯ ರೆಹೆಕುರಿ ಚಿಗರಿ ಧಾಮದ್ದು 2.17 ಚದರ ಕಿ.ಮೀ. ನಡುವೆ ಕಬ್ಬಿನ ಗದ್ದೆ, ಹೆದ್ದಾರಿ, ಕೈಗಾರಿಕಾ ವಸಾಹತು. ಮೇಲಾಗಿ ಚಿಗರಿಯ ಕೊಂಬು ಕುರಿಯದ್ದರಂತೆ ಉದುರದ ಕೊಂಬು. ಕಾಡಿಗೆಯ ಬಣ್ಣಕ್ಕೆ ತಿರುಗಿ, ತನ್ನದೊಂದು ನೆಲ ಹಿಡಿದು ನಿಂತ ಗಂಡೇ ಹೆಣ್ಣುಗಳನ್ನು ಕೂಡುವುದು. ಅಂಥವನನ್ನು ಎತ್ತಿದರೆ ಇಷ್ಟು ಚಿಕ್ಕ ತುಣುಕಿನಲ್ಲಿ ಅವನ ಜಾಗಕ್ಕೆ ಹೊರಗಿನಿಂದ ಬಂದು ನಿಲ್ಲುವವನು ಎಲ್ಲಿದ್ದಾನೆ?

ಅರಮನೆಯ ಬೇಟೆ, ಬಲೆಯ ಬೇಟೆ

ಬೇಟೆ ನಮಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಬೇಟೆಯೂ ಇದೆ, ಪಳಗಿಸಿದ ಸಿವಂಗಿಯನ್ನು (ಚೀತಾ) ಜಿಂಕೆಯ ಮೇಲೆ ಬಿಡುವ ಆಟಕ್ಕೆ ಈ ದೇಶದ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಆ ಆಟ ಕೊಲ್ಹಾಪುರದ ಸಂಸ್ಥಾನದಲ್ಲಿ 20ನೇ ಶತಮಾನದವರೆಗೂ ನಡೆಯಿತು. ದೇಶದ ಸಿವಂಗಿ ಮುಗಿಯುತ್ತ ಬಂದಾಗ ಆಫ್ರಿಕಾದಿಂದ ತರಿಸಿದರೇ ಹೊರತು ಆಟ ಬಿಡಲಿಲ್ಲ. ಪುಣೆಯ ಪೇಶ್ವೆ ಸವಾಯಿ ಮಾಧವರಾಯನ ದೊಡ್ಡಸ್ತಿಕೆ ಬೇರೆ ಬಗೆಯದು: ಪರ್ವತಿ ಗುಡ್ಡದ ಬುಡದಲ್ಲಿ ಜೀವಂತ ಪ್ರಾಣಿಗಳ ಸಂಗ್ರಹ. ಅಲ್ಲಿನ ಘೇಂಡಾಮೃಗವನ್ನು ಗಂಗಾರಾಮ ತಾಂಬಟನೆಂಬ ಪುಣೆಯ ಕಲಾವಿದ 1790ರ ಸುಮಾರಿಗೆ ಬರೆದ ಚಿತ್ರ ಇಂದಿಗೂ ಉಳಿದಿದೆ. ಬ್ರಿಟಿಷರ ಕಾಲದಲ್ಲಿ ಪ್ರತಿಷ್ಠೆ ಬೋನಿನಿಂದ ಗೋಡೆಗೇರಿತು. ರೋಲಂಡ್ ವಾರ್ಡ್ ಕಂಪನಿಯ ದಾಖಲೆ ಪುಸ್ತಕ 1892ರಲ್ಲಿ ಶುರುವಾದ ಮೇಲೆ, ಯಾವ ಅಧಿಕಾರಿಯ ಕಡವೆಯ ಕೊಂಬು ಎಷ್ಟು ಅಂಗುಲ ಎಂಬುದು ಕ್ಲಬ್ಬುಗಳ ಮಾತಾಯಿತು. ನಮ್ಮ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಕಾರ್ಖಾನೆ ಈ ಯುಗದ ಕನ್ನಡಿ. 1900ರ ಹೊತ್ತಿಗೆ ಆರಂಭವಾಗಿ 1999ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯಲ್ಲಿ, ಕಾಗದದ ತಿರುಳಿನಿಂದ ಅಚ್ಚು ಹಾಕಿ ತೆಗೆದ ಸಿದ್ಧ ಅಳತೆಯ ಮೈಗಳ ಮೇಲೆ ಚರ್ಮ ಹೊದಿಸಿ ಹೊಲಿಯುತ್ತಿದ್ದರು. ಸಾವಿರ ಸಾವಿರ ಹುಲಿ ಚಿರತೆಗಳು ಆ ಅಚ್ಚುಗಳನ್ನು ಹೊಕ್ಕು ಹೊರಬಂದವು. ಕಸುಬುದಾರಿಕೆ ಅದ್ಭುತ. ಆದರೆ ಅಚ್ಚಿಗೆ ಬೇಕಾದದ್ದು ದೊಡ್ಡ, ಚೆಂದದ, ಊನವಿಲ್ಲದ ಪ್ರಾಣಿ. ಕಾಡು ಕಳೆದುಕೊಳ್ಳಬಾರದ್ದೂ ಅದನ್ನೇ.

ಇದೇ ಕಾಲದಲ್ಲಿ ಇದೇ ಬಯಲಿನಲ್ಲಿ ಇನ್ನೊಂದು ಬೇಟೆಯಿತ್ತು, ಅದರ ಗುರುತು ಯಾವ ಗೋಡೆಯ ಮೇಲೂ ಇಲ್ಲ. ಫಾಸೆ ಎಂದರೆ ಕುಣಿಕೆ. ಆ ಕುಣಿಕೆಯಿಂದಲೇ ಹೆಸರು ಪಡೆದವರು ಫಾಸೆಪಾರ್ಧಿಗಳು. ನಮ್ಮ ಕಡೆ ಹರಣಶಿಕಾರಿ, ಚಿಗರಿ ಬೇಟೆಗಾರ ಎನ್ನುವುದೂ ಈ ಬಳಗದವರನ್ನೇ. ಉದ್ದನೆಯ ಹಗ್ಗಕ್ಕೆ ಸಾಲಾಗಿ ಕುಣಿಕೆ ಕಟ್ಟಿ, ಗೂಟ ಹೊಡೆದು ಹುಲ್ಲಿನಲ್ಲಿ ಹಾಸುವುದು. ಪಳಗಿಸಿದ ಆಕಳನ್ನು ಮುಂದೆ ಬಿಟ್ಟುಕೊಂಡು, ಮೇಯುವ ದನದ ಮರೆಯಲ್ಲೇ ನಡೆದು ಹಿಂಡನ್ನು ಮೆಲ್ಲಗೆ ಕುಣಿಕೆಯ ಕಡೆಗೆ ಸರಿಸುವುದು. ಗಾಡ್ಗೀಳ ಮತ್ತು ಮಾನವಶಾಸ್ತ್ರಜ್ಞ ಕೈಲಾಸ ಮಲ್ಹೋತ್ರಾ ಪಶ್ಚಿಮ ಮಹಾರಾಷ್ಟ್ರದ ಅಲೆಮಾರಿಗಳ ನಡುವೆ ಅಧ್ಯಯನ ಮಾಡಿ 1983ರಲ್ಲಿ ಬರೆದದ್ದು ಗಮನಿಸಬೇಕಾದ್ದು. ನಂದಿವಾಲರು ನಾಯಿ ಬಿಟ್ಟು ಕಾಡುಹಂದಿ ಹಿಡಿದರೆ, ವೈದುಗಳು ಬೋನಿಟ್ಟು ಕಾಡುಬೆಕ್ಕು, ಮುಂಗುಸಿಗಳಂಥ ಚಿಕ್ಕ ಪ್ರಾಣಿ ಹಿಡಿಯುತ್ತಿದ್ದರು. ಚಿಗರಿ ಪಾರ್ಧಿಗಳ ಪಾಲು. ಒಬ್ಬರ ಬೇಟೆಗೆ ಇನ್ನೊಬ್ಬರು ಕೈಹಾಕುವುದು ಕಡಿಮೆ. ಕುಣಿಕೆಗೆ ಗಬ್ಬದ ಚಿಗರಿಯೋ ಮರಿಯೋ ಬಿದ್ದರೆ ಬಿಚ್ಚಿ ಬಿಡುವುದು ಪಾರ್ಧಿಗಳ ವಾಡಿಕೆ. ಟ್ರೋಫಿಯ ನಿಯಮವೂ ಹೆಣ್ಣನ್ನು ಬಿಡುತ್ತದೆ, ನಿಜ. ಆದರೆ ಅದು ಬಿಡುವುದು ಕೊಂಬಿಲ್ಲವೆಂದು. ಪಾರ್ಧಿ ಬಿಡುತ್ತಿದ್ದದ್ದು ಬರುವ ವರ್ಷವೂ ಇದೇ ಬಯಲಿಗೆ ತಾನು ಬರಬೇಕೆಂದು.

ಎರಡೂ ಬೇಟೆಗಳಿಗೆ ಸಂದ ನ್ಯಾಯ ಮಾತ್ರ ಒಂದೇ ಅಲ್ಲ. ಸಿವಂಗಿ ಬಿಟ್ಟವರು, ದಾಖಲೆ ಬರೆಸಿದವರು ಶಿಕಾರಿ ಸಾಹೇಬರಾದರು. ಕುಣಿಕೆ ಹಾಸಿದವರು 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿ ಸೇರಿ, ಸೋಲಾಪುರ, ಹುಬ್ಬಳ್ಳಿಯಂಥ ಊರುಗಳ ಸೆಟ್ಲಮೆಂಟಿನ ತಂತಿಬೇಲಿಯೊಳಗೆ ಹಾಜರಿ ಹಾಕಿದರು. 1952ರಲ್ಲಿ ಆ ಪಟ್ಟಿ ರದ್ದಾಯಿತು. ಇಪ್ಪತ್ತು ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮೊದಮೊದಲು ಪರವಾನಗಿ ಪಡೆದು ಕೆಲವು ಪ್ರಾಣಿ ಹೊಡೆಯಲು ಅದರಲ್ಲಿ ಎಡೆಯಿತ್ತು; 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಗೋಡೆಯ ಮೇಲಿದ್ದ ಹಳೆಯ ಕೊಂಬುಗಳನ್ನು ಘೋಷಿಸಿಕೊಂಡು ಪ್ರಮಾಣಪತ್ರ ಪಡೆದು ಇಟ್ಟುಕೊಳ್ಳುವ ದಾರಿ ಸಾಹೇಬರ ವಾರಸುದಾರರಿಗೆ ಇತ್ತು. ಪಾರ್ಧಿಯ ಕುಣಿಕೆಗೆ ಅಂಥ ಪ್ರಮಾಣಪತ್ರ ಇರಲಿಲ್ಲ.

ದುಡ್ಡಿನ ವಾದ

ಟ್ರೋಫಿ ಬೇಟೆಯ ಪರವಾಗಿರುವವರ ಬಲವಾದ ಸಾಕ್ಷಿ ಅಮೆರಿಕ. 19ನೇ ಶತಮಾನದ ಕೊನೆಗೆ ಅಲ್ಲಿನ ಜಿಂಕೆ, ಎಲ್ಕ್, ಕಾಡೆಮ್ಮೆಗಳು ಮಾಂಸ, ಚರ್ಮದ ವ್ಯಾಪಾರಕ್ಕೆ ಬಲಿಯಾಗಿ ಬರಿದಾಗಿದ್ದವು. ಬೇಟೆಗಾರರೇ ಮುಂದೆ ನಿಂತು ಕಾನೂನು ತಂದರು. ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ 1937ರಿಂದ ಬಂದೂಕು, ಮದ್ದುಗುಂಡಿನ ಮೇಲಿನ ತೆರಿಗೆ ನೇರವಾಗಿ ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಹೋಗುತ್ತದೆ. ಇದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. 190 ಅಂಕದ ಕೊಂಬು ಹುಡುಕಿ ಬೆಟ್ಟವೇರಿ ದುರ್ಬೀನು ಹಿಡಿದು ಕೂರುವವನಿಂದ ಬರುವುದು ಅದರಲ್ಲಿ ಸಣ್ಣ ಪಾಲು. ಚಳಿಗಾಲಕ್ಕೆ ಮಾಂಸ ಕೂಡಿಡಲು ಒಂದು ಜಿಂಕೆ ಹೊಡೆಯುವ ಲಕ್ಷಾಂತರ ಸಾಮಾನ್ಯರ ಲೈಸೆನ್ಸು, ಗುರಿ ಅಭ್ಯಾಸಕ್ಕೆ ಗುಂಡು ಕೊಳ್ಳುವವರ ತೆರಿಗೆ, ಸರಕಾರದ ಹೆಸರಿನಲ್ಲಿರುವ ಅಪಾರ ಬೆಟ್ಟಗುಡ್ಡ, ವರ್ಷವರ್ಷ ಹಿಂಡೆಣಿಸಿ ಇಷ್ಟೇ ಪರವಾನಗಿ ಎಂದು ಚೀಟಿ ಎತ್ತುವ ಇಲಾಖೆ: ವ್ಯವಸ್ಥೆಯ ಕಂಬಗಳು ಇವು. ಕೊಂಬು ಅದರ ಕಳಸವೇ ಹೊರತು ತಳಪಾಯವಲ್ಲ. ಕಂಬಗಳಿಲ್ಲದ ಕಡೆಗೆ ಕಳಸವನ್ನಷ್ಟೇ ತಂದರೆ ನೆಲದ ಮೇಲಿಡಬೇಕಾಗುತ್ತದೆ.

ಇದಕ್ಕಿಂತ ಹತ್ತಿರದ, ಇದಕ್ಕಿಂತ ಗಟ್ಟಿಯಾದ ಉದಾಹರಣೆ ಪಾಕಿಸ್ತಾನದ ಮಾರ್ಖೋರ್. ಚಿತ್ರಾಲ್, ಗಿಲ್ಗಿಟ್ ಕಣಿವೆಗಳಲ್ಲಿ ಈ ತಿರುಚುಗೊಂಬಿನ ಕಾಡುಮೇಕೆಯನ್ನು ಹೊಡೆಯಲು ವಿದೇಶಿಯರು ಒಂದು ಲಕ್ಷ ಡಾಲರಿಗೂ ಮಿಕ್ಕಿ ಕೊಡುತ್ತಾರೆ. ಅದರಲ್ಲಿ ನೂರಕ್ಕೆ 80 ಪಾಲು ಊರವರಿಗೆ. ಪರವಾನಗಿ ಕೈಬೆರಳಲ್ಲಿ ಎಣಿಸುವಷ್ಟು. ಕಳ್ಳಬೇಟೆ ತಗ್ಗಿ, ಸಂತತಿ ಹೆಚ್ಚಿ, 2015ರಲ್ಲಿ ಮಾರ್ಖೋರ್ ಅಳಿವಿನಂಚಿನ ಪಟ್ಟಿಯಿಂದ ಕೆಳಗಿನ ಮೆಟ್ಟಿಲಿಗೆ ಇಳಿಯಿತು. ಇದನ್ನು ಸುಳ್ಳೆನ್ನುವುದು ಅಪ್ರಾಮಾಣಿಕತೆ. ಆದರೆ ಅಲ್ಲಿ ಒಂದು ಕಣಿವೆಗೆ ಒಂದು ಸಮುದಾಯ. ಪ್ರಾಣಿ ಇರುವುದು ಕಡಿದಾದ ಬಂಡೆಯ ಮೇಲೆ, ಬೆಳೆಯ ನಡುವೆ ಅಲ್ಲ. ಬೆಲೆ ಬಂದದ್ದು ಅದರ ವಿರಳತೆಯಿಂದ. ನಮ್ಮ ಬಯಲಿನ ಚಿಗರಿ ಬೆಳಿಗ್ಗೆ ಅರಣ್ಯ ಇಲಾಖೆಯ ಹುಲ್ಲಿನಲ್ಲಿ, ಮಧ್ಯಾಹ್ನ ಒಬ್ಬನ ಬೀಳುಭೂಮಿಯಲ್ಲಿ, ರಾತ್ರಿ ಮತ್ತೊಬ್ಬನ ಕಡಲೆಯಲ್ಲಿ. ಅದರ ಕೊಂಬಿನ ಬೆಲೆ ಯಾವ ಊರಿಗೆ, ಯಾವ ಹೊಲಕ್ಕೆ ಸಲ್ಲಬೇಕು? ವಿರಳವಲ್ಲದ ಪ್ರಾಣಿಗೆ ಅಷ್ಟು ಬೆಲೆಯನ್ನಾದರೂ ಯಾರು ಕೊಡುತ್ತಾರೆ? ಕೊಟ್ಟರೂ ಹೊಡೆಯುವುದು ನಾಲ್ಕು ಕರಿಯ ಗಂಡುಗಳನ್ನು. ಬೆಳೆ ಮೇಯುವುದು ಮಿಕ್ಕ ಇಡೀ ಹಿಂಡು. ಟ್ರೋಫಿಯಿಂದ ದುಡ್ಡು ಹುಟ್ಟಬಹುದು, ಹೊಲದ ಹಾನಿ ಒಂದು ಸೇರೂ ತಗ್ಗುವುದಿಲ್ಲ.

ಅಳೆಯಬೇಕಾದ್ದು ಬೇರೆ

ಹಾಗಾದರೆ ಈಗಿರುವ ನಿಷೇಧವೇ ಸರಿಯೇ? ಇಲ್ಲ. ಚಿಗರಿ, ಚಿಂಕಾರಗಳು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಬೆಳೆ ಹಾಳುಮಾಡಿತೆಂಬ ಕಾರಣಕ್ಕೆ ಅವನ್ನು ಹೊಡೆಯಲು ಮುಖ್ಯ ವನ್ಯಜೀವಿ ಪಾಲಕರೂ ಅನುಮತಿ ಕೊಡುವಂತಿಲ್ಲ. ರೈತನಿಗೆ ಉಳಿಯುವುದು ಪರಿಹಾರದ ಅರ್ಜಿ. ಅದರಲ್ಲಿರುವ ತೊಡಕನ್ನು ಪುಣೆಯ ವಿಜ್ಞಾನ ಸಂಸ್ಥೆ ಐಸರ್‌ನಲ್ಲಿದ್ದ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ತಾಡೋಬಾ ಹುಲಿಧಾಮದ ಅಂಚಿನ ಹೊಲಗಳಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದರು. ಜಿಂಕೆ ಹಂದಿಯಂತೆ ಹೊಲ ಅಗೆದು ಕೆಡವುವುದಿಲ್ಲ. ಎಳೆಯ ಕುಡಿ ಚಿವುಟಿ ಮುಂದೆ ಹೋಗುತ್ತದೆ. ವಾರದ ಮೇಲೆ ಪಂಚನಾಮೆಗೆ ಬಂದವರಿಗೆ ಹಸಿರು ಗಿಡ ನಿಂತೇ ಇರುವುದು ಕಾಣುತ್ತದೆ. ನಷ್ಟ ತಿಳಿಯುವುದು ರಾಶಿಯ ದಿನ, ಚೀಲ ಎಣಿಸುವಾಗ. ಕಣ್ಣಂದಾಜಿಗೆ ಸಿಕ್ಕಿದ್ದಕ್ಕಿಂತ ನಿಜವಾದ ಹಾನಿ ಬಹಳ ಹೆಚ್ಚು. ಆದ್ದರಿಂದ ಹಾನಿ ಲೆಕ್ಕ ಹಾಕುವ ಬದಲು, ಆ ಸೀಮೆಯಲ್ಲಿ ಬರಬೇಕಾಗಿದ್ದ ಇಳುವರಿಗೂ ಬಂದ ಇಳುವರಿಗೂ ಇರುವ ಕೊರತೆಯನ್ನು ತುಂಬಿಕೊಡಿ, ಚೆನ್ನಾಗಿ ಬೆಳೆದವನಿಗೆ ಬಹುಮಾನವನ್ನೂ ಸೇರಿಸಿ ಎಂಬುದು ಅವರ ಸಲಹೆ. ಕಾಯ್ದೆಯ ಪ್ರಕಾರ ಸತ್ತು ಬಿದ್ದ ಜಿಂಕೆ ಸರಕಾರದ ಸ್ವತ್ತು. ಸತ್ತದ್ದು ಸರಕಾರದ್ದಾದರೆ, ಬದುಕಿದ್ದಾಗ ಅದು ಮೇಯ್ದದ್ದರ ಸಾಲವೂ ಸರಕಾರದ್ದೇ ಆಗಬೇಕು.

ಸಾಲ ತೀರಿಸಿದ ಮೇಲೂ ಹಿಂಡು ನೆಲಕ್ಕೆ ಭಾರವಾದರೆ? ಮಧ್ಯಪ್ರದೇಶದ ಶಾಜಾಪುರದಲ್ಲಿ 2025ರಲ್ಲಿ ಹೆಲಿಕಾಪ್ಟರಿನಿಂದ ಅಟ್ಟಿ, ಆಲಿಕೆಯಾಕಾರದ ಬೋಮಾ ಬೇಲಿಯೊಳಗೆ ಕೂಡಿಸಿ ನೂರಾರು ಚಿಗರಿಗಳನ್ನು ಬೇರೆ ಕಾಡಿಗೆ ಸಾಗಿಸಿದರು. ಆಗುವ ಕೆಲಸವೆಂದು ಅದು ತೋರಿಸಿದೆ. ಅದೂ ಸಾಲದ ಕಡೆ, ಹಂದಿ, ನೀಲಗಾಯಿಗಳಂಥ ಪ್ರಾಣಿಗಳ ವಿಷಯದಲ್ಲಿ, ಗಾಡ್ಗೀಳರು ಹೇಳಿದ ಮಾತನ್ನು ಗಂಭೀರವಾಗಿ ಕೇಳಬೇಕು: ರಾಷ್ಟ್ರೀಯ ಉದ್ಯಾನಗಳ ಹೊರಗೆ, ಸ್ಥಳೀಯರ ತೀರ್ಮಾನದಂತೆ, ಲೆಕ್ಕಕ್ಕೆ ಒಳಪಟ್ಟ ಬೇಟೆ. ಊರವರ ಪಾಲಿಲ್ಲದೆ ಮೇಲಿನಿಂದ ಇಳಿದ ಕೊಲ್ಲುವ ಆದೇಶ ಏನಾಗುತ್ತದೆಂಬುದಕ್ಕೆ ಬಿಹಾರದ ಮೊಕಾಮಾ ಇದೆ. 2016ರಲ್ಲಿ ಹೊರಗಿನಿಂದ ಕರೆಸಿದ ಬಂದೂಕುಧಾರಿಗಳು ಇನ್ನೂರಕ್ಕೂ ಹೆಚ್ಚು ನೀಲಗಾಯಿಗಳನ್ನು ಉರುಳಿಸಿದರು. ಕೇಂದ್ರದ ಇಬ್ಬರು ಮಂತ್ರಿಗಳು ಬಹಿರಂಗವಾಗಿ ಜಗಳವಾಡಿದರು. ಮುಂದಿನ ವರ್ಷ ಎಷ್ಟು ಹೊಡೆಯಬೇಕು, ಎಷ್ಟು ಬಿಡಬೇಕೆಂಬ ಲೆಕ್ಕ ಯಾರ ಕೈಗೂ ಬರಲಿಲ್ಲ. ಅದು ಬೇಟೆಯೂ ಅಲ್ಲ, ನಿರ್ವಹಣೆಯೂ ಅಲ್ಲ, ಗುತ್ತಿಗೆ ಕೆಲಸ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತೂಕದವು. ಮೊದಲನೆಯದು ಅಹಿಂಸೆಯದು: ಜೈನ, ವಾರಕರಿ, ಶರಣ ಪರಂಪರೆಗಳು ಬೆರೆತ ಈ ನೆಲದಲ್ಲಿ ಕೊಲ್ಲುವುದನ್ನು ನೀತಿಯಾಗಿಸಬಹುದೇ? ಈಗ ಕೊಲ್ಲದೆ ಇದ್ದೇವೆ ಎಂಬುದೇ ಭ್ರಮೆ ಎಂದು ನನ್ನ ಉತ್ತರ. ಬೇಸತ್ತ ರೈತ ಬೇಲಿಗೆ ಕರೆಂಟು ಕೊಡುತ್ತಾನೆ. ಅದು ಗಬ್ಬದ ಹೆಣ್ಣು, ಮರಿ, ದನ, ಕೆಲವೊಮ್ಮೆ ಮನುಷ್ಯ ಎಂದು ನೋಡದೆ ಕೊಲ್ಲುತ್ತದೆ. ಕಾಣದ ಹಿಂಸೆಗಿಂತ ಲೆಕ್ಕ ಕೊಡಬೇಕಾದ ಹಿಂಸೆ ಚಿಕ್ಕದು. ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ: ಪಾರ್ಧಿಗಳ ಜ್ಞಾನವನ್ನು ಹೊಗಳುತ್ತ ಅವರನ್ನು ಮತ್ತೆ ಜಾತಿಯ ಕಸುಬಿಗೇ ಕಟ್ಟಿಹಾಕುತ್ತಿಲ್ಲವೇ? ಕಟ್ಟಿಹಾಕಿದರೆ ಅದು ತಪ್ಪೇ. ಅವರ ಮಕ್ಕಳಿಗೆ ಬೇಕಾದದ್ದು ಶಾಲೆ, ನೆಲ, ಪೊಲೀಸರ ಅನುಮಾನದಿಂದ ಬಿಡುಗಡೆ. ಆದರೆ ಹೆಜ್ಜೆ ನೋಡಿ ಹಿಂಡೆಣಿಸುವ ವಿದ್ಯೆ ಯಾರಲ್ಲಿದೆಯೋ ಅವರಿಗೆ, ಬೇಕೆಂದರೆ, ಸಂಬಳದ ಗೌರವದ ಕೆಲಸವಾಗಿ ಅದು ಸಿಗಲಿ. ವಿದರ್ಭದ ಅಕೋಲಾ, ವಾಶಿಂ ಕಡೆ ಫಾಸೆಪಾರ್ಧಿ ಕುಟುಂಬಗಳೇ ಹುಲ್ಲುಗಾವಲು ಕಾಯ್ದು ಅಳಿವಿನಂಚಿನ ಫ್ಲೋರಿಕನ್ ಹಕ್ಕಿಗೆ ನೆಲೆ ಉಳಿಸಿಕೊಟ್ಟ ಪ್ರಯತ್ನ ನಡೆದಿದೆ.

ಬದುಕಿರುವ ಪ್ರಾಣಿಯಿಂದ ಊರಿಗೆ ನಾಲ್ಕು ಕಾಸು ಬರುವ ದಾರಿಯೂ ಪುಣೆ ಜಿಲ್ಲೆಯಲ್ಲೇ ತೆರೆದಿದೆ. ಇಂದಾಪುರ ತಾಲ್ಲೂಕಿನ ಕಡಬನವಾಡಿ ಮತ್ತು ಬಾರಾಮತಿ ಕಡೆಯ ಗಾಡಿಖೇಲದಲ್ಲಿ ಅರಣ್ಯ ಇಲಾಖೆ ಹುಲ್ಲುಗಾವಲು ಸಫಾರಿ ಆರಂಭಿಸಿದೆ. ಊರಿನ ಹುಡುಗರೇ ದಾರಿ ತೋರುವವರು. ತೋಳ, ಚಿಂಕಾರ, ಕತ್ತೆಕಿರುಬ ನೋಡಲು ಬರುವವರು ಶುಲ್ಕ ಕೊಡುತ್ತಾರೆ. ಇದರಿಂದ ಎಲ್ಲ ರೈತರ ನಷ್ಟ ತುಂಬುತ್ತದೆಂದು ಯಾರೂ ಹೇಳಲಾರರು. ಸಫಾರಿಯೂ ಹೆಚ್ಚಾದರೆ ಹುಲ್ಲನ್ನು ತುಳಿದು ಕೆಡಿಸುವ ಇನ್ನೊಂದು ಹಾವಳಿಯಾದೀತು. ಆದರೆ ಒಂದು ಗುಣ ಇದಕ್ಕಿದೆ: ಇಂದು ನೋಡಿದ ಪ್ರಾಣಿಯನ್ನು ನಾಳೆ ಇನ್ನೊಬ್ಬರು ನೋಡಬಹುದು. ಸರಕಾರಿ ಕಡತದಲ್ಲಿ ‘ಪಾಳುಭೂಮಿ’ ಎಂದು ಬರೆಸಿಕೊಂಡು ಕಾರ್ಖಾನೆಗೋ ಗಿಡ ನೆಡುವ ಕಾರ್ಯಕ್ರಮಕ್ಕೋ ಹೋಗುತ್ತಿದ್ದ ಹುಲ್ಲಿಗೆ ಹುಲ್ಲು ಎಂಬ ಕಾರಣಕ್ಕೇ ಬೆಲೆ ಬಂದಿರುವುದು ಸಣ್ಣ ಮಾತಲ್ಲ.

ರಾಕಿ ಬೆಟ್ಟದ ಆ ಉಕ್ಕಿನ ಟೇಪನ್ನು ನಾನು ಸುಮ್ಮನೆ ದೂರುತ್ತಿಲ್ಲ. ಅಂಗುಲದ ಎಂಟನೇ ಒಂದು ಭಾಗವನ್ನೂ ಬಿಡದ ಆ ನಿಷ್ಠೆ ನಮ್ಮ ಅರಣ್ಯ, ಕಂದಾಯ ಇಲಾಖೆಗಳಿಗೆ ಬೇಕೇ ಬೇಕು. ಈ ವರ್ಷ ನಮ್ಮ ಬಯಲಿನಲ್ಲಿ ಹೆಣ್ಣೆಷ್ಟು, ಮರಿಯೆಷ್ಟು, ಕರಿಯ ಗಂಡೆಷ್ಟು. ಹುಲ್ಲು ಎಲ್ಲಿಯವರೆಗೆ ಹಿಂದೆ ಸರಿಯಿತು. ಅಂಚಿನ ಹೊಲದವನ ಕಡಲೆ ರಾಶಿಯಲ್ಲಿ ಎಷ್ಟು ಚೀಲ ಕಡಿಮೆ ಬಿತ್ತು. ಇದನ್ನು ಹೀಗೆ ಅಳೆದು ಬರೆದಿಡುವ ದಾಖಲೆ ಪುಸ್ತಕ ನಮ್ಮಲ್ಲಿಲ್ಲ. ಅದು ಸಿದ್ಧವಾಗುವವರೆಗೆ ಕೊಂಬು ಚಿಗರಿಯ ತಲೆಯ ಮೇಲೇ ಇರಲಿ.